ಎಪ್ಪತ್ತನಾಲ್ಕರ ಬಾವುಟ

ಮೇ 13, ಶನಿವಾರ

ಬೇಸ್‌ಬಾಲ್ ಮೈದಾನದ ಟಿಕೆಟ್ ಕಿಟಕಿ ಮುಚ್ಚಿ, ಚಾಂಪಿಯನ್ ಬಾವುಟವನ್ನು ಮೇಜಿನ ಮೇಲೆ ಹರಡಿದೆ. ಅಂಚು ಮತ್ತೆ ಬಿಟ್ಟಿದೆ. ಓರಿನ್ ಹಾಕಿದ ಹೊಲಿಗೆ ಮಾತ್ರ ಹಾಗೇ ಇದೆ — ಮೀನಿನ ಗಾಳದ ದಾರ, ಮಾರುದ್ದ ಟಾಕು. ಬಿಚ್ಚಲು ಮನಸ್ಸಾಗುವುದಿಲ್ಲ. ಪಕ್ಕದಲ್ಲೇ ನನ್ನದು ಹಾಕಿದೆ.

ಜೂನ್ ಮೊದಲ ಭಾನುವಾರ ಅವರಿಗೇ ಒಪ್ಪಿಸಬೇಕು. ಹ್ಯಾಸ್ಕೆಟ್‌ನ ಮೈದಾನ ನೋಡಿಕೊಳ್ಳುವವರು ಅವರು. ಬಾವುಟ ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ ಆಲ್ಡರ್ಟನ್‌ನಲ್ಲಿ. ಕೊಡುವವರು ಹೋಟೆಲಿನಲ್ಲಿ ಹಣ್ಣಿನ ಪೈ ತಿನ್ನಿಸಬೇಕು, ಅದು ಪದ್ಧತಿ.

ಮೇ 18

ಲೀಗ್ ಆಫೀಸಿನಿಂದ ಫೋನ್ ಬಂದಿತ್ತಂತೆ. ಚಾಂಪಿಯನ್ನರ ಹೆಸರೆಲ್ಲ ಗೋಡೆಗೆ ಬರೆಸುತ್ತಾರೆ.

"ಎಲ್ಲಾ ವರ್ಷಕ್ಕೂ ಒಂದೊಂದೇ ಊರು. ಎಪ್ಪತ್ನಾಲ್ಕಕ್ಕೆ ಮಾತ್ರ ಎರಡು. ಒಬ್ರು ಬಿಟ್ಕೊಡಿ ಅಂತಿದಾರೆ," ಎಂದ ನಮ್ಮ ಮ್ಯಾನೇಜರ್ ಹೊಬಾರ್ಟ್. "ಆ ಸೀಸನ್ನಲ್ಲಿ ಹ್ಯಾಸ್ಕೆಟ್‌ನೋರನ್ನ ನಾವೇ ಜಾಸ್ತಿ ಸಲ ಸೋಲಿಸಿದ್ದು, ವರ್ನಾ. ಓರಿನ್‌ಗೆ ಹೇಳು. ನಿನ್ ಮಾತು ಕೇಳ್ತಾನೆ."

"ಕೇಳದಿದ್ರೆ?"

"ಇನ್ನೇನು, ಎರಡೂ ಹೆಸರು ಹಂಗೇ ಇರುತ್ತೆ. ನೀನು ಬಾವುಟ ಹೊತ್ಕೊಂಡು ಓಡಾಡ್ತಾನೇ ಇರ್ಬೇಕು."

ಕೆಟ್ಟ ಸುದ್ದಿಯಂತೆ ಹೇಳಿದ.

ಮೇ 27

ಎಪ್ಪತ್ತನಾಲ್ಕರಲ್ಲಿ ನನಗೆ ಎರಡು ವರ್ಷ. ಅಮ್ಮ ಹೇಳುತ್ತಿದ್ದಳು — ಫೈನಲ್ ನಾಲ್ಕು-ನಾಲ್ಕರಲ್ಲಿತ್ತು, ಹೊಳೆ ಉಕ್ಕಿ ಮೈದಾನಕ್ಕೇ ನುಗ್ಗಿತು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದಾಟಿಸಿದವನು ಹ್ಯಾಸ್ಕೆಟ್‌ನ ಆಟಗಾರ. ಉಳಿದ ಆಟ ನಡೆಯಲೇ ಇಲ್ಲ. ಇಬ್ಬರೂ ಚಾಂಪಿಯನ್. ಬಾವುಟ ಒಂದೇ.

ಊರಿಗೆ ಪೂರ್ತಿ ಗೆಲುವು ಬೇಕು. ನಮ್ಮ ಮೈದಾನದ ಬೇಲಿಯ ಮೇಲೆ ಬರೆದಿರುವ, ಗೆದ್ದ ವರ್ಷಗಳೇ ಕಡಿಮೆ. ನನಗೆ? ವರ್ಷಕ್ಕೊಮ್ಮೆ ಒಂದು ಮೇಜು, ಎದುರಿಗೆ ಓರಿನ್. ಇಷ್ಟಕ್ಕೆ ಊರಿನ ಗೆಲುವಿಗೆ ಅಡ್ಡ ನಿಲ್ಲುವುದು ಸರಿಯೇ... ಗೊತ್ತಿಲ್ಲ.

ಜೂನ್ 4, ಭಾನುವಾರ

ಓರಿನ್ ಮೊದಲೇ ಬಂದು ಕೂತಿದ್ದರು. ಶರ್ಟಿಗೆ ಇಸ್ತ್ರಿ. ನಾನು ಬಾಯಿ ತೆಗೆಯುವ ಮೊದಲೇ —

"ಬಾವುಟ ನೀವೇ ಇಟ್ಕೊಳ್ಳಿ. ನಮ್ಮ ಟೀಮಿನ ಹೊಸ ಓನರ್ ಬಿಟ್ಕೊಡ್ತಾರಂತೆ. ಹಳೇ ಬಟ್ಟೆ ಯಾಕೆ ಅಂದ್ರು." ಕಾಫಿ ಲೋಟವನ್ನೇ ನೋಡುತ್ತಿದ್ದರು. "ಗೆದ್ರಿ ನೀವು."

ಇಷ್ಟು ಸುಲಭ. ಹೊಬಾರ್ಟ್ ಇದ್ದಿದ್ದರೆ ಕುಣಿದಾಡುತ್ತಿದ್ದ.

"ಗೆದ್ದಿಲ್ಲ. ನಾಲ್ಕು-ನಾಲ್ಕು," ಎಂದೆ. ಬಾವುಟವನ್ನು ಅವರತ್ತ ಸರಿಸಿದೆ. "ಆಲ್ಡರ್ಟನ್ ಒಪ್ಪಲಿಲ್ಲ ಅಂತ ಹೇಳಿ."

"ಕೊಟ್ಟ ಗೆಲುವು ಬೇಡ ಅನ್ನೋ ಊರು ಇದೇ ಮೊದಲು ನೋಡಿದ್ದು."

"ಊರಲ್ಲ."

ಅಷ್ಟೇ ಹೇಳಿದ್ದು. ಅವರು ಪೈಯನ್ನು ಬಹಳ ಹೊತ್ತು ತಿಂದರು. ಕಿವಿ ಕೆಂಪಾಗಿತ್ತು.

ಜೂನ್ 5

ಹೊಬಾರ್ಟ್‌ಗೆ ನಿಜವನ್ನೇ ಹೇಳಿದೆ. ಕೊಡಲು ಬಂದರು, ನಾನೇ ಬೇಡವೆಂದೆ. ಟೋಪಿ ತೆಗೆದ, ಹಾಕಿದ, ಮತ್ತೆ ತೆಗೆದ.

"ಈ ಕುರ್ಚೀಲಿ ನಮ್ಮಪ್ಪ ಇದ್ದಿದ್ರೆ ನಿನ್ನ ಕೆಲಸದಿಂದ ತೆಗೀತಿದ್ರು."

"ನೀನು?"

ಬಾಗಿಲವರೆಗೆ ಹೋಗಿ ನಿಂತ. "ಪೈ ಹೇಗಿತ್ತು?"

ಜೂನ್ 10, ಶನಿವಾರ, ಮಧ್ಯಾಹ್ನ

ಓರಿನ್ ಫೋನ್ ಮಾಡಿದ್ದರು. ಒಂಬತ್ತು ವರ್ಷದಲ್ಲಿ ಮೊದಲ ಸಲ. ಬಾವುಟದ ಅಂಚು ಬಿಟ್ಟಿದೆಯಂತೆ.

"ಇಷ್ಟು ಬೇಗನಾ?"

"ಗಾಳಿ ಜಾಸ್ತಿ ಇಲ್ಲಿ."

ಇಲ್ಲಿ ಎಲೆಯೂ ಅಲ್ಲಾಡುತ್ತಿಲ್ಲ. ಅಂಚಿಗೆ ಎರಡು ಸುತ್ತು ಹೊಲಿದಿದ್ದೆ, ಅಷ್ಟು ಬೇಗ ಬಿಡುವುದಿಲ್ಲ. ಅದು ಅವರಿಗೂ ಗೊತ್ತು.

ಸೂಜಿ ದಾರ ಕಾರಿನಲ್ಲಿಟ್ಟಿದ್ದೇನೆ. ನೀಲಿ ಅಂಗಿ ಹಾಕಿಕೊಂಡಿದ್ದೇನೆ... ಅತಿಯಾಯಿತೇನೋ. ಇರಲಿ. ಈಗ ಹೊರಟರೆ ಬೆಳಕಿರುವಾಗಲೇ ಹ್ಯಾಸ್ಕೆಟ್ —