ಗುಡ್ಡದ ಮೇಲೊಂದು ಕನ್ನಡಿ

ಸೋಮವಾರ ಬೆಳಗ್ಗೆ
ಅಂಗಡಿಯಿಂದ

ನಮ್ಮ ಮನೆಯ ಯಜಮಾನಿಗೆ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ನಿನ್ನ ಗಂಟಲಿನ ಸಮಾಚಾರವನ್ನು ನಮ್ಮ ಬೀದಿಯ ನರ್ಸಮ್ಮ ಡ್ಯೂಟಿ ಮುಗಿಸಿ ಬರುವಾಗ ದಿನಾ ಒಪ್ಪಿಸಿ ಹೋಗುತ್ತಾರೆ. ಮಗುವನ್ನೂ ಅಂಗಡಿಯನ್ನೂ ಬಿಟ್ಟು ನನಗೆ ಬರಲಾಗುತ್ತಿಲ್ಲವಲ್ಲ, ಈ ಕಾಗದವನ್ನೂ ಅವರೇ ತಂದುಕೊಡುತ್ತಾರೆ. ನಿನ್ನೆ ಸಂಜೆಯ ವಿಷಯ ಮಾತ್ರ ಅವರ ಬಾಯಲ್ಲಿ ಹೇಳಿಕಳಿಸುವಂಥದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮಗಳು ಗುಂಡುಸೂಜಿಗೆ ನೀನು ಇದ್ದೀಯ ಎಂಬ ನಂಬಿಕೆ ಹೋಗಿದೆ.

ಆಪರೇಷನ್ ಆದಮೇಲೆ ನೀನು ಮೊದಲ ಸಲ ಫೋನಿನಲ್ಲಿ ಮಾತಾಡಿದಾಗ, ಇದು ಅಮ್ಮ ಅಲ್ಲ, ಯಾರೋ ಅಂಕಲ್ಲು ಅಂತ ಇಟ್ಟುಬಿಟ್ಟಳಲ್ಲ, ಆವತ್ತು ನಾವಿಬ್ಬರೂ ನಕ್ಕು ಸುಮ್ಮನಾದೆವು. ಅವಳು ನಗಲಿಲ್ಲ. ಮಾರನೇ ದಿನ ಜಡೆ ಹಾಕುತ್ತಿದ್ದೆ. ಅಜ್ಜಿ ಸತ್ತಾಗಲೂ ಆಸ್ಪತ್ರೇಲಿ ಇದ್ದಾರೆ ಅಂತಾನೇ ಅಲ್ವಾ ನೀವು ಹೇಳಿದ್ದು ಅಂತ ಕೇಳಿದಳು. ನಾವು ಹಾಗೆ ಹೇಳಿದ್ದು ನಿಜ. ಮಗುವಿಗೆ ಹೇಗೆ ಹೇಳುವುದು ಎಂದು ತೋಚದೆ ಎಷ್ಟೋ ದಿನ ಅದೇ ಮಾತು ಹೇಳಿಕೊಂಡು ಬಂದೆವು. ಮಕ್ಕಳನ್ನು ವಾರ್ಡಿಗೆ ಬಿಡುವುದಿಲ್ಲ ಕಣೇ, ಇಲ್ಲದಿದ್ದರೆ ಕರೆದುಕೊಂಡು ಹೋಗುತ್ತಿದ್ದೆ ಎಂದೆ. ಅಜ್ಜಿ ಹತ್ರಾನೂ ಬಿಡಲಿಲ್ಲ ಅಂದಳು. ಆರು ವರ್ಷದವಳ ಈ ವಾದ ಕೇಳಿ, ಅರ್ಧ ಹಾಕಿದ ಜಡೆ ಬಿಚ್ಚಿ ಮತ್ತೆ ಮೊದಲಿನಿಂದ ಹೆಣೆದೆ.

ಅದಕ್ಕೇ ಕನ್ನಡಿಯ ಏರ್ಪಾಡು ಮಾಡಿದ್ದು. ಹೋದ ವಾರ ನಿನಗೆ ಕಳಿಸಿದ ತುಂಡು, ಅವಳ ಕೈಗೆ ಕೊಟ್ಟ ತುಂಡು, ಎರಡೂ ಒಂದೇ ಹಾಳೆಯವು. ಕೈ ಕುಯ್ಯದಿರಲಿ ಎಂದು ಅಂಚನ್ನು ನಾನೇ ಉಜ್ಜಿ ನುಣ್ಣಗೆ ಮಾಡಿದೆ. ನಿನ್ನ ಆರನೇ ಮಹಡಿಯ ಕಿಟಕಿಗೆ ಗುಡ್ಡ ನೇರ ಎದುರು. ಊರು ನೋಡಲು ಎಲ್ಲರೂ ಹತ್ತುವ ಗುಡ್ಡ ಅದು. ನೀನು ಬಿಸಿಲಿಗೆ ಕನ್ನಡಿ ಹಿಡಿದು ಮೂರು ಸಲ ಮಿಂಚಿಸಿದರೆ ಅವಳು ಅಲ್ಲಿಂದ ನೋಡುತ್ತಾಳೆ, ತಿರುಗಿ ಮಿಂಚಿಸುತ್ತಾಳೆ, ಅಲ್ಲಿಗೆ ಅನುಮಾನ ತೀರುತ್ತದೆ ಎಂದು ನನ್ನ ಲೆಕ್ಕ. ಸುಮ್ಮನೆ ಲೆಕ್ಕವಲ್ಲ, ಒಂದು ಬೆಳಗ್ಗೆ ಅಂಗಡಿ ತೆಗೆಯುವ ಮೊದಲು ಒಬ್ಬನೇ ಹತ್ತಿ ನೋಡಿಬಂದೆ. ಆಸ್ಪತ್ರೆಯ ಕಿಟಕಿಗಳೆಲ್ಲ ಧಗಧಗ ಹೊಳೆಯುತ್ತಿದ್ದವು, ಕಣ್ಣು ಬಿಡಲಾಗಲಿಲ್ಲ. ಬೆಳಗಿನ ಹೊತ್ತು ಡಾಕ್ಟರುಗಳ ಓಡಾಟ, ಸಂಜೆಯಾದರೆ ನಿನಗೆ ಬಿಡುವು ಎಂದು ನರ್ಸಮ್ಮ ಹೇಳಿದ್ದರಿಂದ ಭಾನುವಾರ ಸಂಜೆ ಎಂದು ನಿಶ್ಚಯ ಮಾಡಿದೆ.

ನಿನ್ನೆ ಗುಡ್ಡದ ಮೇಲೆ ಕಾಲಿಡಲು ಜಾಗವಿರಲಿಲ್ಲ. ಐಸ್‌ಕ್ರೀಮಿನ ಗಾಡಿ, ಬಲೂನಿನವನು, ಕಟಾಂಜನಕ್ಕೆ ಒರಗಿದ ಹೊಸ ಜೋಡಿಗಳು. ಆದರೂ ಅಷ್ಟು ಜನರ ಗದ್ದಲ ಕೆಳಗಿನ ಊರಿಗೆ ತಾಗುತ್ತಿಲ್ಲವೆಂಬಂತಿತ್ತು. ತೆಳ್ಳಗೆ ಮಂಜು ಕವಿದಿತ್ತು. ಮರಳುಜ್ಜಿದ ಗಾಜಿನ ಆಚೆ ಯಾರೋ ದೀಪ ಹಿಡಿದು ನಡೆದ ಹಾಗೆ ಊರು ಅಲ್ಲಲ್ಲಿ ಬೆಳಗಿ, ಅಲ್ಲಲ್ಲಿ ಮಾಸುತ್ತಿತ್ತು. ಬಸ್ಸುಗಳು ಸದ್ದಿಲ್ಲದೆ ತೇಲುತ್ತಿದ್ದವು. ಸೇತುವೆಯ ಎರಡು ತುದಿ ಕಾಣುತ್ತಿತ್ತು, ನಡುವಿನ ಭಾಗ ಇರಲೇ ಇಲ್ಲ. ಗುಂಡುಸೂಜಿ ಕಟಾಂಜನದ ಸಂದಿಯಲ್ಲಿ ಮೂಗು ತೂರಿಸಿ, ಊರು ನಿದ್ದೆ ಮಾಡ್ತಿದೆ, ಜೋರಾಗಿ ಮಾತಾಡಬೇಡ ಅಂತ ನನ್ನನ್ನೇ ಗದರಿದಳು.

ಅಲ್ಲಿ ದುರ್ಬೀನು ಬಾಡಿಗೆಗೆ ಕೊಡುವ ಹೆಂಗಸೊಬ್ಬಳಿದ್ದಾಳೆ, ಬಾಯಿ ತುಂಬ ಮಾತು. ಇಷ್ಟು ದೂರ ಹತ್ತಿಕೊಂಡು ಬರ್ತಾರೆ ಸ್ವಾಮಿ, ಬಂದು ಹುಡುಕೋದು ಅವರವರ ಮನೇನೇ, ಆ ಮನೇಲೇ ಕೂತಿದ್ರೆ ಆಗ್ತಿರಲಿಲ್ವಾ ಅಂತ ನಗುತ್ತಿದ್ದಳು. ನಿನಗೇನು ತೋರಿಸಲಿ ಪುಟ್ಟಮ್ಮ ಅಂದರೆ, ಇವಳು ಆಸ್ಪತ್ರೆ ಅಂದಳು. ಅಲ್ಲಿ ಯಾರಿದ್ದಾರೆ ಅಂದಳು ಅವಳು. ಯಾರಾದರೂ ಇದ್ದಾರಾ ಅಂತಾನೇ ನೋಡೋಕೆ ಬಂದಿದ್ದು ಅಂದಳು ನಿನ್ನ ಮಗಳು. ಆ ಹೆಂಗಸು ಆಮೇಲೆ ನಗಲಿಲ್ಲ. ಬಾಡಿಗೆಯನ್ನೂ ಕೇಳಲಿಲ್ಲ.

ದುರ್ಬೀನಿನಲ್ಲಿ ಕಟ್ಟಡ ಕಂಡಿತು, ಕಪ್ಪಗೆ. ಸೂರ್ಯ ಅದರ ತಲೆಯ ಮೇಲೇ ಇಳಿಯುತ್ತಿದ್ದ. ಕಾದೆವು. ಹೇಳಿದ ಹೊತ್ತು ಬಂತು, ಹೋಯಿತು. ಏನೂ ಮಿಂಚಲಿಲ್ಲ. ಅಮ್ಮ ನಾವೇ ಮೊದಲು ಮಾಡಲಿ ಅಂತ ಕಾಯ್ತಿರಬಹುದು ಅಂತ ಅವಳೇ ಕನ್ನಡಿ ಎತ್ತಿದಳು. ಮೂರು ಸಲ. ನಿಂತು ನೋಡಿದಳು. ಮತ್ತೆ ಮೂರು ಸಲ. ಆಮೇಲೆ ಎಣಿಕೆ ಬಿಟ್ಟು, ಬೀಸಣಿಗೆ ಬೀಸಿದ ಹಾಗೆ ಬೀಸತೊಡಗಿದಳು.

ನನಗೆ ನೋಡಲಾಗಲಿಲ್ಲ. ಅಗೋ, ಮಿಂಚಿತು ನೋಡು ಎಂದುಬಿಟ್ಟೆ. ಅವಳು ಊರಿನ ಕಡೆ ತಿರುಗಲೇ ಇಲ್ಲ. ನನ್ನ ಮುಖ ನೋಡಿ, ಇಲ್ಲ ಅಪ್ಪ, ಮಿಂಚಲಿಲ್ಲ ಅಂದಳು. ಸಿಟ್ಟಿಲ್ಲ, ಅಳುವಿಲ್ಲ. ನನ್ನನ್ನು ಸಮಾಧಾನ ಮಾಡುವ ಹಾಗೆ ಹೇಳಿದಳು. ಬಸ್ಸಿನಲ್ಲಿ ಕನ್ನಡಿಯನ್ನು ನನ್ನ ಜೇಬಿಗೆ ಹಾಕಿ, ನೀನೇ ಇಟ್ಟುಕೋ ಅಂದು ಕಿಟಕಿಗೆ ತಲೆಯಾನಿಸಿದಳು. ಇವತ್ತು ಬೆಳಗ್ಗೆ ನಿನ್ನ ಹೆಸರೆತ್ತದೆ ಶಾಲೆಗೆ ಹೋದಳು.

ನೀನು ಕಿಟಕಿಗೆ ಬಂದಿದ್ದೆಯಾ? ಏಳಲಾಗಲಿಲ್ಲವೇ? ಏನಿದ್ದರೂ ನಿಜ ಬರೆ. ಮಗಳ ಮುಂದೆ ಸುಳ್ಳು ಹೇಳಿ ಸಿಕ್ಕಿಬಿದ್ದಾಗಿದೆ. ನನಗಾದರೂ ನಿಜ ಗೊತ್ತಿರಲಿ.

ನಿನ್ನ
ಗಾಜಿನಂಗಡಿಯವನು


ಮಂಗಳವಾರ
ಕಿಟಕಿಯ ಪಕ್ಕದಿಂದ

ಗಾಜಿನಂಗಡಿಯ ಮಹಾಶಯರಿಗೆ,

ರೀ, ಇಡೀ ದಿನ ಟ್ಯೂಬ್‌ಲೈಟಿನ ಕೆಳಗೆ ಕನ್ನಡಿ ಕತ್ತರಿಸುವವರಿಗೆ ಸೂರ್ಯನ ಓಡಾಟ ಹೇಗೆ ಗೊತ್ತಾಗಬೇಕು ಹೇಳಿ. ಬೆಳಗ್ಗೆ ಅವನು ನಿಮ್ಮ ಗುಡ್ಡದ ಹಿಂದಿನಿಂದ ಎದ್ದು ನೇರ ನನ್ನ ಕಿಟಕಿಗೆ ಬರುತ್ತಾನೆ. ನೀವು ಕಂಡ ಧಗಧಗ ಅದು. ಸಂಜೆ ಆಸ್ಪತ್ರೆಯ ಬೆನ್ನಿಗೆ ಹೋಗಿರುತ್ತಾನೆ. ಈ ಕಡೆ ಪೂರ್ತಿ ನೆರಳು.

ಬಂದಿದ್ದೆ. ಊಟದ ತಟ್ಟೆ ತೆಗೆದುಕೊಂಡು ಹೋದಾಗಿನಿಂದ ಕಿಟಕಿಯಲ್ಲೇ ಕೂತಿದ್ದೆ. ಕನ್ನಡಿಯನ್ನು ಹೀಗೆ ಹಿಡಿದೆ, ಹಾಗೆ ಹಿಡಿದೆ, ಬಗ್ಗಿಸಿದೆ. ಬಿಸಿಲು ಬರಲಿಲ್ಲ. ಬಂದದ್ದು ನನ್ನ ಮುಖ. ಇಲ್ಲಿಗೆ ಬಂದಮೇಲೆ ಮೊದಲ ಸಲ ನೋಡಿಕೊಂಡೆ. ಕತ್ತಿನ ಪಟ್ಟಿ, ಅದರ ಮೇಲೆ ಯಾರದೋ ಇಳಿಬಿದ್ದ ಕೆನ್ನೆ. ಮಗುಚಿ ಇಟ್ಟುಬಿಟ್ಟೆ.

ತಲೆಯೆತ್ತಿದರೆ ಗುಡ್ಡ. ಇಡೀ ಊರಿನ ಬಿಸಿಲನ್ನೆಲ್ಲ ಅದೊಂದೇ ಕುಡಿದು ಕೂತ ಹಾಗಿತ್ತು. ಬುಡದಲ್ಲಿ ಮಂಜು, ಮೇಲೆ ಬಂಗಾರ, ನಡುವೆ ಆಸರೆಯೇ ಇಲ್ಲದೆ ಗಾಳಿಯಲ್ಲಿ ನಿಂತಿತ್ತು. ಅದರ ಅಂಚಿನಲ್ಲಿ ಒಂದು ಕಿಡಿ ಹತ್ತಿತು, ಆರಿತು, ಮತ್ತೆ ಹತ್ತಿತು. ಮೊದಮೊದಲು ಸಾಲಾಗಿ, ಆಮೇಲೆ ತಾಳ ತಪ್ಪಿ, ಮಕ್ಕಳು ನೀರಿನಲ್ಲಿ ಕೈ ಬಡಿದ ಹಾಗೆ. ನನಗೆ ಯಾವುದು ಕನಸು, ಯಾವುದು ಔಷಧಿಯ ಅಮಲು ಎಂದು ಈಚೆಗೆ ಬೇಗ ಗೊತ್ತಾಗುವುದಿಲ್ಲ. ಪಕ್ಕದ ಮಂಚದ ಟೈಲರಕ್ಕನನ್ನು ಎಬ್ಬಿಸಿದೆ. ಅವರೂ ನೋಡಿ, ಏನ್ರೀ ಅದು, ಯಾರೋ ಹೆಸರು ಹಿಡಿದು ಕರೀತಿರೋ ಹಾಗಿದೆಯಲ್ಲ ಅಂದರು. ಹಾಗಾಗಿ ಕನಸಲ್ಲ.

ಕಿಟಕಿಯ ಗಾಜು ಬಡಿದೆ. ಕೈ ಬೀಸಿದೆ. ಮಾತಾಡಬೇಡಿ ಎಂದು ಡಾಕ್ಟರು ಹೇಳಿದ್ದು ಮರೆತು, ಬಂದೆ ಪುಟ್ಟಾ ಎಂದು ಕೂಗಿದೆ. ಆ ದನಿಗೆ ವಾರ್ಡೆಲ್ಲ ತಿರುಗಿ ನೋಡಿತು, ನಾನೂ ಬೆಚ್ಚಿದೆ. ಅಷ್ಟು ದೂರದ ಗುಡ್ಡಕ್ಕೆ ಏನು ಕೇಳೀತು. ಕಿಡಿ ಕೆಂಪಗಾಗಿ, ಸಣ್ಣದಾಗಿ, ಕೊನೆಗೆ ಗುಡ್ಡ ಬೂದಿ ಬಣ್ಣಕ್ಕೆ ತಿರುಗುವವರೆಗೂ ಕರೆಯುತ್ತಲೇ ಇತ್ತು.

ಇನ್ನೊಂದು ಬೆಳಗ್ಗೆ ಅವಳನ್ನು ಗುಡ್ಡ ಹತ್ತಿಸಬೇಡಿ. ದೂರದಲ್ಲಿ ಏನೋ ಹೊಳೆಯಿತು ಅಂದರೆ ಅದು ಅಮ್ಮ ಹೇಗಾಗುತ್ತದೆ ಎಂದು ಕೇಳುವವಳು ಅವಳು, ಕೇಳಬೇಕಾದದ್ದೂ ಹಾಗೇ. ಗುರುವಾರ ಶಾಲೆ ಬಿಟ್ಟ ಕೂಡಲೇ ಸೀದಾ ಇಲ್ಲಿಗೆ ಕರೆದುಕೊಂಡು ಬನ್ನಿ. ಕತ್ತಿನಲ್ಲಿ ಪಟ್ಟಿ ಇದೆ, ದನಿ ಕೆಟ್ಟಿದೆ, ನೋಡಿದರೆ ಸ್ವಲ್ಪ ಹೆದರಿಕೆಯಾಗುತ್ತದೆ ಎಂದು ಮೊದಲೇ ಹೇಳಿ. ಹತ್ತಿರ ಬರಲ್ಲ ಅಂದರೆ ಬಲವಂತ ಬೇಡ. ಬಾಗಿಲಲ್ಲೇ ನಿಂತು ಎಷ್ಟು ಹೊತ್ತು ಬೇಕಾದರೂ ನೋಡಲಿ. ನಾನು ಕಾಯುತ್ತೇನೆ.

ಇಂತಿ ನಿಮ್ಮ,
ಗುಂಡುಸೂಜಿಯ ಅಮ್ಮ

ಮರೆತ ಮಾತು: ಗೇಟಿನಲ್ಲಿ ಯಾರೂ ತಡೆಯುವುದಿಲ್ಲ. ಟೈಲರಕ್ಕನ ಮೊಮ್ಮಗ ದಿನಾ ಬಂದು ನನ್ನ ಮಂಚದ ಕೆಳಗೆ ಆಟದ ಕಾರು ಓಡಿಸುತ್ತಾನೆ. ಮಕ್ಕಳನ್ನು ಬಿಡುವುದಿಲ್ಲ ಎಂದು ನಿಮಗೆ ಹೇಳುವಂತೆ ನರ್ಸಮ್ಮನ ಕೈ ಹಿಡಿದು ಕೇಳಿಕೊಂಡವಳು ನಾನು. ಅವರನ್ನು ಬೈಯಬೇಡಿ.