ಅಕ್ಕನ ಕಿಡ್ನಿ, ನನ್ನ ಸರ್ಪಸುತ್ತು

ಪೆರಾಬೆ
9-2-2025

ಪ್ರೀತಿಯ ಪೂಜಿತಾಳಿಗೆ ದೇವದಾಸ ಮಾವನ ಆಶೀರ್ವಾದಗಳು.

ನಾಡಿದ್ದು ನಿನ್ನ ಸೀಮಂತಕ್ಕೆ ಅರಂತೋಡಿಗೆ ನಾನು ಬರುದಿಲ್ಲ. ನಿನ್ನ ಅತ್ತೆ ಕೇಳಿದರೆ ಮಾವನಿಗೆ ಅಡಿಕೆ ಸುಲಿಸುವ ಗಡಿಬಿಡಿ ಅಂತ ಹೇಳು. ನಿಜ ನಿನಗೆ ಮಾತ್ರ. ನನಗೆ ಸರ್ಪಸುತ್ತು ಆಗಿದೆ. ಎದೆಯಿಂದ ಬೆನ್ನಿನವರೆಗೆ ಗುಳ್ಳೆಗಳ ಪಟ್ಟಿ, ಬೆಂಕಿ ಇಟ್ಟ ಹಾಗೆ ಉರಿ. ಬೇರೆಯವರಾದರೆ ಕಡಬ ಪೇಟೆಗೆ ಕೇಳುವಷ್ಟು ಕೂಗುತ್ತಿದ್ದರು. ನಾನು ಮೀನುಸಾರು ಉಂಡು ಇಸ್ಪೀಟು ಆಡಿದೆ, ಗೆದ್ದೆ ಕೂಡ.

ಮೊದಲು ಮದ್ದಿಗೆ ಹೋದದ್ದು ಕುಕ್ಕಪ್ಪನಲ್ಲಿಗೆ. ಅವನು ಮಂತ್ರ ಹೇಳಿ, ಹಾವಿನ ತಲೆಯೂ ಬಾಲವೂ ಸೇರದ ಹಾಗೆ ಗುಳ್ಳೆಯ ಸುತ್ತ ಕೆಮ್ಮಣ್ಣು ಬಳಿದ. ಸೇರಿದರೆ ಜೀವಕ್ಕೇ ಕುತ್ತಂತೆ. ನಡುವೆ ಇನ್ನೂ ಒಂದು ಗೇಣು ಉಂಟು, ಆರಾಮ ಇರಿ ಮಾರಾಯ್ರೆ ಅಂದ.

ನಿನ್ನ ಅಮ್ಮ ಬಟ್ಟೆ ಒಗೆಯುವಾಗ ಬನಿಯನಿನಲ್ಲಿ ಆ ಮಣ್ಣು ಕಂಡಳು. ಎಂತ ದೇವು ಇದು ಅಂತ ಕೇಳಿದಳು. ಹೇಳಿದೆ. ಒಂಬತ್ತು ವರ್ಷದ ಹಿಂದೆ ನಿನಗೆ ನನ್ನ ಕಿಡ್ನಿ ಕೊಟ್ಟದ್ದು ಕುಕ್ಕಪ್ಪ ಮಣ್ಣು ಬಳಿಯಲಿಕ್ಕಾ, ಆ ಮೈ ನಿನ್ನ ಒಬ್ಬನದ್ದಾ, ಅದರಲ್ಲಿ ನನ್ನದೂ ಉಂಟಲ್ಲ ಅಂತ ಬೈದು, ಪುತ್ತೂರಿನ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಚಿಕ್ಕಂದಿನಲ್ಲಿ ನನಗೆ ಚಿಕನ್‌ಪಾಕ್ಸ್ ಆಗಿತ್ತಲ್ಲ, ಆ ವೈರಸ್ಸು ಮೈಯೊಳಗೇ ಮಲಗಿತ್ತಂತೆ. ಅಕ್ಕನ ಕಿಡ್ನಿಯನ್ನು ಮೈ ದೂರ ಮಾಡದ ಹಾಗೆ ನಾನು ತಿನ್ನುವ ಮಾತ್ರೆ ಮೈಯ ಕಾವಲನ್ನೂ ತಗ್ಗಿಸುತ್ತದೆ, ಅದಕ್ಕೇ ಇಷ್ಟು ವರ್ಷ ಕಳೆದ ಮೇಲೂ ಅದು ಎದ್ದದ್ದು ಅಂದರು ಡಾಕ್ಟರು. ವೈರಸ್ಸಿಗೆ ಮದ್ದು ಕೊಟ್ಟು, ಹಳೆಯ ಮಾತ್ರೆ ಒಂದನ್ನು ಕಡಿಮೆ ಮಾಡಿದರು. ಕಡಿಮೆ ಮಾಡಿದರೆ ಕಿಡ್ನಿ ಮುನಿಸಿಕೊಳ್ಳುವುದೂ ಉಂಟಂತೆ. ನಿನ್ನೆ ಮತ್ತೆ ರಕ್ತ ನೋಡಿದರು. ಕಿಡ್ನಿ ಸರಿ ಉಂಟು. ನಿನ್ನ ಅಮ್ಮನದ್ದಲ್ವಾ, ಅದಕ್ಕೂ ಅವಳದ್ದೇ ಹಟ.

ಗುಳ್ಳೆ ಇನ್ನೂ ಒಣಗಿಲ್ಲ. ನಿನಗೆ ಚಿಕನ್‌ಪಾಕ್ಸ್ ಆದದ್ದಿಲ್ಲ. ನನ್ನಿಂದ ತಾಗಿದರೆ ಹೊಟ್ಟೆಯಲ್ಲಿರುವ ಮಗುವಿಗೂ ಒಳ್ಳೆಯದಲ್ಲ. ಸೀರೆ ಈ ಕಾಗದದ ಜೊತೆ ಶಫೀಕನ ಪಿಕಪ್ಪಿನಲ್ಲಿ ಬರುತ್ತದೆ. ಬಣ್ಣ ಆರಿಸಿದ್ದು ನಾನು, ಅಂಥದ್ದು ಸುಳ್ಯದಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಉಟ್ಟು ಫೋಟೊ ಕಳಿಸು.

ಗಂಜಿ ಕುಡಿದು, ಬೈಗಳು ತಿಂದು ಸುಖವಾಗಿರುವ
ನಿನ್ನ ದೇವು ಮಾವ

ಮರೆತದ್ದು: ಇಷ್ಟು ಓದಿ ಕಾಗದ ಹರಿದುಹಾಕು. ನಾನು ಕುಕ್ಕಪ್ಪನಲ್ಲಿಗೆ ಹೋದದ್ದು ಅವನ ಮಂತ್ರ ನಂಬಿ ಅಲ್ಲ. ಆಸ್ಪತ್ರೆಗೆ ಹೋದರೆ ಕಿಡ್ನಿ ಹಾಳಾಗಿದೆ ಅಂತ ಡಾಕ್ಟರು ಹೇಳಿಯಾರು, ಅದನ್ನು ಅಕ್ಕ ನನ್ನ ಪಕ್ಕದಲ್ಲಿ ಕೂತು ಕೇಳಬೇಕಾದೀತು ಅಂತ ಹೆದರಿ ಹೋದದ್ದು.