ಚೌಕಟ್ಟಿನೊಳಗಿನ ನೆಂಟರು

ಮಾರ್ಚ್ 3. ಬೆಳಿಗ್ಗೆ 6:40

ಮತ್ತೆ ಅದೇ. ಟಕ್ ಟಕ್ ಟಕ್. ಮಾವನ ಸವಾರಿ ಅಡುಗೆಮನೆ ಬಾಗಿಲಿಂದ ಹೊರಟು, ನಡುಮನೆ ದಾಟಿ, ಈಗ ನಮ್ಮ ಕೋಣೆಯ ಚೌಕಟ್ಟಿಗೆ ಬಂದಿದೆ. ಬೆರಳ ಗೆಣ್ಣಿನಿಂದ ಬಡಿಯುವುದು, ನಿಲ್ಲುವುದು, ಮತ್ತೆ ಬಡಿಯುವುದು. ನಲವತ್ತೈದು ವರ್ಷ ಬಡಗಿ ಕೆಲಸ ಮಾಡಿದ ಕೈ. ಸುಮ್ಮನಿರು ಎಂದರೆ ಹೇಗೆ ಇದ್ದೀತು? ಇವರು ಮಾತ್ರ ತಮ್ಮ ಅಪ್ಪನ ಕಾಟಕ್ಕೆ ಹೊದಿಕೆ ತಲೆವರೆಗೆ ಎಳೆದುಕೊಂಡರು.

ಕಿಟಕಿ ದಂಡೆಯ ಮೇಲೆ ಸಣ್ಣ ಸಣ್ಣ ರೆಕ್ಕೆಗಳು. ಹುಳ ಒಂದೂ ಇಲ್ಲ, ಬರೀ ರೆಕ್ಕೆ. ಗುಡಿಸಿ ಹಾಕಿದೆ.

ಸಂಜೆ

ಕ್ಲಿನಿಕ್ಕಿನಲ್ಲಿ ಇವತ್ತು ಹನ್ನೊಂದು ಜನರ ಕಿವಿ ಪರೀಕ್ಷೆ. ಹೊರಗಿನ ಸದ್ದು ಬಾರದ ಆ ಹಳೆಯ ಮರದ ಕೋಣೆಯೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೆ ಗುಂಡಿ ಕೊಟ್ಟು ಹೇಳುವುದು ಒಂದೇ ಮಾತು — ಶಬ್ದ ಕೇಳಿದರೆ ಒತ್ತಿ, ಕೇಳದಿದ್ದರೆ ಸುಮ್ಮನಿರಿ. ಅಷ್ಟೂ ಆಗುವುದಿಲ್ಲ ಜನಕ್ಕೆ. ಇಬ್ಬರು ನಾನು ಏನೂ ಕೊಡದಿದ್ದಾಗಲೂ ಒತ್ತಿದರು. ಈ ತಿಂಗಳಷ್ಟೇ ಅಲ್ಲ, ಈ ವರ್ಷವೇ ಇಂಥವರು ಜಾಸ್ತಿ. ಗದರಿಸಿದೆ.

ಮಾರ್ಚ್ 6

ಬಟ್ಟೆ ಮಡಚುತ್ತಿದ್ದೆ. ಮಾವ ಹತ್ತಿರ ಬಂದು ದನಿ ತಗ್ಗಿಸಿದರು.

"ನೆಂಟರು ಬಂದಿದಾರಮ್ಮ."

ಬಾಗಿಲ ಕಡೆ ನೋಡಿದೆ. ಯಾರೂ ಇಲ್ಲ.

"ಎಲ್ಲಿ ಮಾವ?"

"ಒಳಗೆ. ಊಟಕ್ಕೆ ಕೂತಿದಾರೆ."

ಒಳಗೆ ಹೋಗಿ ನೋಡಿದೆ... ನಾಲ್ಕು ಖಾಲಿ ಕುರ್ಚಿ. ಸಂಜೆ ಇವರಿಗೆ ಹೇಳಿದರೆ ನಕ್ಕರು. ತಮಾಷೆಗೆಂದೇ ಹೋಗಿ ಕೇಳಿದರು: "ಎಷ್ಟು ಜನ ಬಂದಿದಾರಪ್ಪ?"

"ಲೆಕ್ಕ ಇಲ್ಲ ಕಣೋ. ಸಂಸಾರ ಸಮೇತ ಬಂದಿದಾರೆ."

ಇವರ ನಗು ಅಲ್ಲಿಗೇ ನಿಂತಿತು.

ಮಾರ್ಚ್ 9, ಭಾನುವಾರ

ನಾದಿನಿ ಬಂದಿದ್ದಳು. ಬಂದವಳೇ ನೋಡಿದ್ದು ಇದನ್ನು — ಮಾವ ತಮ್ಮ ಹಳೆಯ ಮರದ ಅಡಿಕೋಲಿನ ಒಂದು ತುದಿಯನ್ನು ಚೌಕಟ್ಟಿಗೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಯ ಹಿಂದಿನ ಮೂಳೆಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ನಿಂತಿದ್ದರು. "ಮಾತಾಡ್ಕೊತಿದಾರೆ" ಎಂದರು.

ನಾದಿನಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಅತ್ತಿಗೆ, ಇದು ಅರಳು ಮರಳು ಅಲ್ಲದೆ ಇನ್ನೇನು? ನೀವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಗ್ಯಾಸ್ ಹಚ್ಚಿ ಆ ನೆಂಟರಿಗೆ ಅಡುಗೆ ಮಾಡೋಕೆ ನಿಂತ್ರೆ ಏನ್ ಗತಿ?"

ಅವಳಿಗೆ ಗೊತ್ತಿರುವ ಒಂದು ಜಾಗ ಇದೆಯಂತೆ. ವಯಸ್ಸಾದವರನ್ನು ನೋಡಿಕೊಳ್ಳುತ್ತಾರೆ. ನರ್ಸ್ ಇರುತ್ತಾರೆ.

ಚೌಕಟ್ಟಿನ ಕೆಳಗೆ ಗಸಗಸೆ ಚೆಲ್ಲಿದಂತೆ ಪುಡಿ. ಮುಟ್ಟಿದರೆ ಕಾಳು ಕಾಳು. ಅಡಿಕೋಲಿನಿಂದ ಗೀರಿ ಗೀರಿ ಮರ ಉದುರಿರಬೇಕು. ಇನ್ನು ಇದನ್ನೂ ನಾನೇ ಗುಡಿಸಬೇಕು.

ಮಾರ್ಚ್ 13

ಮಾವನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ತೊಂದರೆ ಕಿವಿಯದ್ದೇ ಆಗಿರಲಿ ಎಂಬ ಆಸೆ. ಕಿವಿಯದ್ದಾದರೆ ನನ್ನ ಕೈಯಲ್ಲಿದೆ.

ಎಪ್ಪತ್ತೊಂಬತ್ತಕ್ಕೆ ಇಂಥ ಕಿವಿ ನಾನು ನೋಡಿಲ್ಲ. ಕೊಟ್ಟ ಶಬ್ದವನ್ನೆಲ್ಲ ಹಿಡಿದರು. ಆದರೆ ಕೊಡದ ಶಬ್ದಕ್ಕೂ ಒತ್ತಿದರು. ಏಳು ಸಲ. ಗಾಜಿನಾಚೆಯಿಂದ ನೋಡುತ್ತಲೇ ಇದ್ದೆ — ತಲೆಯನ್ನು ಹಿಂದಿನ ಹಲಗೆಗೆ ಆನಿಸಿ, ಕಣ್ಣು ಮುಚ್ಚಿ ಒತ್ತುತ್ತಿದ್ದರು. "ನೆಟ್ಟಗೆ ಕೂತ್ಕೊಳಿ ಮಾವ" ಎಂದೆ ಮೈಕಿನಲ್ಲಿ. ಕೂತರು. ಆಮೇಲೆ ಒಂದೂ ತಪ್ಪಿಲ್ಲ. ಗದರಿಸಿದರೆ ದಾರಿಗೆ ಬರುತ್ತಾರೆ ಎಂದುಕೊಂಡೆ.

ಹೊರಗೆ ಬಂದು "ಇಲ್ಲೂ ಇದಾರೆ—" ಎಂದು ಏನೋ ಹೇಳಲು ಹೊರಟರು. ಮುಂದಿನವರು ಕಾಯುತ್ತಿದ್ದರು. ಕಿವಿಗೆ ಹಾಕಿಕೊಳ್ಳಲಿಲ್ಲ.

ಕಿವಿ ಸರಿಯಾಗಿದೆ. ಅಂದಮೇಲೆ ಕೆಟ್ಟಿರುವುದು ತಲೆ. ರಿಪೋರ್ಟಿನ ಕೊನೆಯಲ್ಲಿ ಬರೆದೆ: ಇಲ್ಲದ ಶಬ್ದಗಳು ಕೇಳಿಸುತ್ತವೆ. ಕೆಳಗೆ ನನ್ನದೇ ಸಹಿ.

ಮಾರ್ಚ್ 17

ನಾದಿನಿ ಆ ರಿಪೋರ್ಟನ್ನು ತಾನು ಹೇಳಿದ್ದ ವೃದ್ಧಾಶ್ರಮಕ್ಕೆ ಕಳಿಸಿದ್ದಾಳೆ. ಇಂಥವರಿಗೆ ಮೇಲಿನ ಮಹಡಿ ಅಂತೆ. ಬಾಗಿಲಿಗೆ ಹೊರಗಿನಿಂದ ಚಿಲಕ. ಅವರ ಒಳ್ಳೆಯದಕ್ಕೇ ಅಂತೆ.

ನಮ್ಮ ಕೋಣೆಯ ಬಾಗಿಲು ಹಿಡಿದುಕೊಳ್ಳುತ್ತಿದೆ, ಭುಜ ಕೊಟ್ಟು ತಳ್ಳಬೇಕು. ಚೌಕಟ್ಟಿನ ಪೇಂಟ್ ಅಲ್ಲಲ್ಲಿ ಗುಳ್ಳೆ ಎದ್ದಿದೆ. ಗೆದ್ದಲೇನೋ ಅಂತ ಒಂದು ಗಳಿಗೆ ಅನುಮಾನ ಬಂತು. ಗೋಡೆಯುದ್ದಕ್ಕೂ ಕಣ್ಣಾಡಿಸಿದೆ. ಮಣ್ಣಿನ ಗೆರೆ ಎಲ್ಲೂ ಇಲ್ಲ. ಗೆದ್ದಲಾದರೆ ಮಣ್ಣು ಇರಬೇಕಲ್ಲ. ಬಿಟ್ಟೆ.

ಮಾರ್ಚ್ 22

ಬಿಟ್ಟು ಬಂದೆವು.

ಎರಡು ಜೊತೆ ಬಟ್ಟೆ, ಕನ್ನಡಕ, ಅಡಿಕೋಲು. "ಎಷ್ಟು ದಿನ?" ಎಂದು ಕೇಳಿದರು. ಇವರು "ನೋಡೋಣಪ್ಪ" ಎಂದರು. ಮೆಟ್ಟಿಲ ಹತ್ತಿರ ಮಾವ ನನ್ನ ಕಡೆ ತಿರುಗಿದರು.

"ನೆಂಟರನ್ನ ಹಾಗೇ ಬಿಡಬೇಡಮ್ಮ. ಬೇಗ ಕಳಿಸ್ಬಿಡು."

"ಆಯ್ತು ಮಾವ, ಕಳಿಸ್ತೀನಿ."

ಮಗುವಿಗೆ ಹೇಳುವ ಹಾಗೆ ಹೇಳಿದೆ. ನಾಚಿಕೆಯಾಯಿತು.

ಮಾರ್ಚ್ 23

ಟಕ್ ಟಕ್ ಇಲ್ಲ. ಆರೂ ನಲವತ್ತಕ್ಕೇ ಎಚ್ಚರವಾಯಿತು.

ಏಪ್ರಿಲ್ 5, ಮಧ್ಯಾಹ್ನ

ಬೆಳಿಗ್ಗೆ ಬಾಗಿಲು ತಳ್ಳಿದೆ, ಮೇಲಿನ ಕೀಲು ಸ್ಕ್ರೂ ಸಮೇತ ಕಿತ್ತು ಬಂತು. ಸ್ಕ್ರೂ ಇದ್ದ ಜಾಗದಲ್ಲಿ ಮರವೇ ಇಲ್ಲ. ಬೆರಳು ಒಳಗೆ ಹೋಯಿತು.

ಪಕ್ಕದ ಬೀದಿಯ ಬಡಗಿಯನ್ನು ಇವರು ಕರೆತಂದರು. ನಲವತ್ತರ ಆಸುಪಾಸಿನ ಆಳು, ಮಾತು ಕಡಿಮೆ. ಬಂದವನೇ ಬೆರಳ ಗೆಣ್ಣಿನಿಂದ ಚೌಕಟ್ಟು ಬಡಿದ. ಟಕ್ ಟಕ್ ಟಕ್. ನಿಂತ. ಮತ್ತೆ ಬಡಿದ. ಆಮೇಲೆ ದನಿ ತಗ್ಗಿಸಿ, ಮಾವ ಹೇಳಿದ ಹಾಗೇ ಹೇಳಿದ:

"ಅಕ್ಕ, ಮನೆಗೆ ನೆಂಟರು ಬಂದಿದಾರಲ್ಲ."

ಕೈಯಲ್ಲಿದ್ದ ನೀರಿನ ಲೋಟ ಕೆಳಗಿಟ್ಟೆ. "ಏನಂದ್ರಿ?"

"ಗೆದ್ದಲು ಅಕ್ಕ." ಹೊಸಿಲಿನಾಚೆ ಒಂದು ಹೆಜ್ಜೆ ಇಟ್ಟು ಆ ಪದ ಹೇಳಿದ. "ಕೆಲಸದ ಮನೆ ಒಳಗೆ ನಿಂತು ಆ ಹೆಸರು ತೆಗೀಬಾರದು ಅಂತ ನಮ್ಮ ಮೇಸ್ತ್ರಿ. ಮನೆಯವರು ಗಾಬರಿ ಬೀಳ್ತಾರೆ. ಹಳೇ ಬಡಗಿಗಳೆಲ್ಲ ನೆಂಟರು ಅಂತಾನೇ ಅನ್ನೋದು."

"ಮಣ್ಣೇ ಇಲ್ಲವಲ್ಲ?"

"ಇವು ಒಣಮರದವು. ಮಣ್ಣು ತರಲ್ಲ. ಒಳಗೇ ಸಂಸಾರ ಮಾಡ್ತಾವೆ. ರೆಕ್ಕೆ ಉದುರಿರಬೇಕು, ನೋಡ್ಲಿಲ್ವಾ? ಗಸಗಸೆ ಥರ ಪುಡಿ? ಅದು ಇವುಗಳ ಹಿಕ್ಕೆ."

ನೋಡಿದ್ದೆ. ಗುಡಿಸಿದ್ದೆ.

"ಕಿವಿ ಚುರುಕಿದ್ದರೆ ಕೇಳಿಸುತ್ತೆ ಕೂಡ. ತಲೇಲಿ ಮರ ಕುಟ್ತಾವೆ. ಅಡಿಕೋಲು ಇಟ್ಟು, ಕಿವಿ ಹಿಂದಿನ ಮೂಳೆಗೆ ಆನಿಸಿ..."

ದಿನಕ್ಕೆ ಹತ್ತು ಜನರ ಕಿವಿಯ ಹಿಂದಿನ ಮೂಳೆಗೆ ಟ್ಯೂನಿಂಗ್ ಫೋರ್ಕ್ ಮಿಡಿದು ಇಡುವವಳು ನಾನು. ಮೂಳೆಯಿಂದಲೂ ಕೇಳಿಸುತ್ತದೆ ಎಂದು ಎಲ್ಲರಿಗೂ ವಿವರಿಸುವವಳು ನಾನು. ಮಾವ ಅದನ್ನೇ ಮಾಡಿದರೆ ಹುಚ್ಚು ಎಂದು ಬರೆದುಕೊಟ್ಟೆ.

ಇವರು ಹೊಸಿಲ ಮೇಲೆ ಕುಸಿದು ಕೂತರು. "ಬಡಗಿ ಮಗ ನಾನು. ನಂಗೆ ಈ ಮಾತು ಗೊತ್ತಿಲ್ಲ. ಒಂದ್ ದಿನಾನೂ ಕೆಲಸಕ್ಕೆ ಕರ್ಕೊಂಡು ಹೋಗ್ಲಿಲ್ಲ ಅಪ್ಪ. ನೀನು ಓದ್ಕೋ ಅಂತಿದ್ದ." ಅತ್ತರು. ಬಡಗಿ ಪಾಪ, ಬಾಗಿಲಿಗಾಗಿ ಅಳುತ್ತಿದ್ದಾರೆ ಎಂದುಕೊಂಡು, ಚೌಕಟ್ಟು ಬದಲಾಯಿಸಿದರೆ ಸಾಕು ಎಂದು ಸಮಾಧಾನ ಹೇಳಿದ.

ಏಪ್ರಿಲ್ 6

ಬೆಳಗಾಗುವುದನ್ನೇ ಕಾದು ಹೊರಟೆವು. ಮೇಲಿನ ಮಹಡಿ. ಚಿಲಕ ತೆಗೆದರು. ಮಾವ ಮಂಚದ ಮೇಲೆ ಕೂತಿದ್ದರು, ಅಡಿಕೋಲು ತೊಡೆಯ ಮೇಲೆ. ಹದಿನೈದು ದಿನದಲ್ಲಿ ಕುಗ್ಗಿಹೋಗಿದ್ದಾರೆ. ಈಗ ಯಾವ ಶಬ್ದವೂ ಕೇಳಿಸುತ್ತಿಲ್ಲವಂತೆ, ತುಂಬಾ ಸುಧಾರಿಸಿದ್ದಾರೆ ಎಂದಳು ನರ್ಸ್.

"ಏನ್ ಕೇಳೋದು" ಎಂದರು ಮಾವ. "ಬಾಗಿಲು ಪ್ಲಾಸ್ಟಿಕ್ಕು. ಮಂಚ ಕಬ್ಬಿಣ. ಇಲ್ಲಿ ಮರಾನೇ ಇಲ್ಲಮ್ಮ."

ಅವರ ಕಾಲ ಬಳಿ ಕೂತುಬಿಟ್ಟೆ. ತಪ್ಪಾಯಿತು ಮಾವ, ನೆಂಟರು ಯಾರು ಅಂತ ನಿನ್ನೆ ಗೊತ್ತಾಯಿತು ಎಂದೆ. ಅಡಿಕೋಲು ಪಕ್ಕಕ್ಕಿಟ್ಟರು.

"ಮತ್ತೆ ಯಾರು ಅಂದ್ಕೊಂಡಿದ್ದೆ? ನಿನ್ನ ತವರಿನೋರಾ?"

ನಕ್ಕರು. ನನಗೆ ನಗಲು ಆಗಲಿಲ್ಲ. ಇವರು ಅಪ್ಪನ ಚೀಲ ಎತ್ತಿಕೊಂಡು ಆಗಲೇ ಮೆಟ್ಟಿಲಿಳಿಯುತ್ತಿದ್ದರು.

ಏಪ್ರಿಲ್ 7

6:40. ಟಕ್ ಟಕ್ ಟಕ್. ಇವರು ಎದ್ದು ಹೋದರು. ಈಗ ಎರಡು ಥರದ ಟಕ್ ಟಕ್. "ಹಾಗಲ್ಲ ಕಣೋ, ಗೆಣ್ಣಲ್ಲಿ ಬಡಿ" ಎನ್ನುವುದು ಕೇಳಿಸಿತು.

ಮದ್ದು ಹಾಕುವವರು ಬಂದು ತೂತು ಕೊರೆದು ಹೋದರು. ಚೌಕಟ್ಟು ಮಾವನೇ ನಿಂತು ಮಾಡಿಸುತ್ತಾರಂತೆ. ನಾದಿನಿಗೆ ಫೋನ್ ಮಾಡಿ ಹೇಳಿದೆ. "ಅಪ್ಪ ಏನ್ ಅಂದ್ರು?" ಎಂದಳು. ಬೈಯಲೂ ಇಲ್ಲ, ಅದೇ ಕಷ್ಟ ಎಂದೆ.

ನಾಳೆ ರಿಪೋರ್ಟ್ ತಿದ್ದಬೇಕು. ಆದರೆ ಆ ಏಳು ಸಲ? ಕ್ಲಿನಿಕ್ಕಿನಲ್ಲಿ ನಮ್ಮ ಚೌಕಟ್ಟು ಎಲ್ಲಿತ್ತು? ಊಟದ ಹೊತ್ತಿಗೆ ಮಾವನನ್ನು ಕೇಳಿದೆ.

"ಕೇಳಿದ್ರೆ ಒತ್ತಿ ಅಂದೆ. ಒತ್ತಿದೆ" ಎಂದರು.

ಏಪ್ರಿಲ್ 8. ಬೆಳಿಗ್ಗೆ 8:15, ಕ್ಲಿನಿಕ್

ಇನ್ನೂ ಯಾರೂ ಬಂದಿಲ್ಲ. ಆ ಮರದ ಕೋಣೆಯೊಳಗೇ ಕೂತು ಬರೆಯುತ್ತಿದ್ದೇನೆ. ಆರು ವರ್ಷದಲ್ಲಿ ಈ ಕುರ್ಚಿಯಲ್ಲಿ ಕೂತದ್ದು ಇದೇ ಮೊದಲು. ನಾನು ಯಾವಾಗಲೂ ಗಾಜಿನ ಆಚೆ.

ಮೂಲೆಯಲ್ಲಿ ನೆಲಹಾಸಿನ ಮೇಲೆ ಪುಡಿ. ಕಾಳು ಕಾಳು.

ಬಾಗಿಲು ಹಾಕಿದೆ. ಹೆಡ್‌ಫೋನ್ ಹಾಕಿದೆ. ಯಂತ್ರ ಆಫ್. ನೆಟ್ಟಗೆ ಕೂತರೆ ಏನೂ ಇಲ್ಲ. ಗದರಿಸಿ ಕಳಿಸಿದವರ ಮುಖ ಒಂದೊಂದೇ ನೆನಪಾಗುತ್ತಿದೆ. ಎಲ್ಲರ ರಿಪೋರ್ಟಿನಲ್ಲೂ ಏನು ಬರೆದೆನೋ, ಹುಡುಕಬೇಕು.

ಈಗ ತಲೆಯನ್ನು ಹಲಗೆಗೆ ಆನಿಸುತ್ತೇನೆ. ಎಡಗೈಯಲ್ಲಿ ಗುಂಡಿ ಇದೆ.

ಒತ್ತಿದೆ.

ಮತ್ತೆ ಒತ್ತಿದೆ.

ಮತ್ತೆ —